ಭುಜಸಂಧಿಯ ಶಸ್ತ್ರಚಿಕಿತ್ಸೆ

ಮನುಷ್ಯನ ಸಂಧಿಗಳಲ್ಲಿ ಭುಜಸಂಧಿಯಷ್ಟು ಎಲ್ಲ ದಿಕ್ಕುಗಳಿಗೂ ತಿರುಗತಕ್ಕದ್ದು ಬೇರೊಂದಿಲ್ಲ. ಅದರ ಕುಳಿಯು ಆಳವಿಲ್ಲದ್ದು; ಆದಕಾರಣ ತೋಳೆಲುಬಿನ ತಲೆಯನ್ನು ನೆಲೆಯಲ್ಲಿ ಹಿಡಿದಿರುವ ಕಾರ್ಯವು ಬಹುಮಟ್ಟಿಗೆ ಸುತ್ತಲಿನ ಮಾಂಸಖಂಡಗಳಿಗೂ ಅವುಗಳನ್ನು ಎಲುಬಿಗೆ ಬಿಗಿದಿರುವ ಸ್ನಾಯುರಜ್ಜುಗಳಿಗೂ ಸೇರಿದುದು. ಈ ಸಂಗತಿಯು ಶಸ್ತ್ರವೈದ್ಯರ ಮನಸ್ಸಿಗೆ ನಾಟಲು ಬಹುಕಾಲ ಹಿಡಿಯಿತು.

ಜಾರಿದ ಭುಜವನ್ನು, ಕಂಕುಳಲ್ಲಿ ಹಿಮ್ಮಡಿಯನ್ನೊತ್ತಿ ಕೈಯನ್ನೆಳೆದು ಕೂಡಿಸುವ ವಿಧಾನವು ಹಿಪೋಕ್ರೇಟಿಸನ ಪರಂಪರೆಯ ಗ್ರಂಥಗಳಲ್ಲಿಯೇ ಉಂಟು. ಬಳಿಕ 1893ರಲ್ಲಿ ಪ್ಯಾರಿಸ್ಸಿನ ಪೇಯಾನ್ ಎಂಬಾತನು, ಕ್ಷಯದಿಂದ ಭುಜದೆಲುಬು ಕೆಟ್ಟಿದ್ದ ಒಬ್ಬ ರೊಟ್ಟಿ ಸುಡುವವನಿಗೆ ಪ್ಲಾಟಿನಂ ಮತ್ತು ರಬ್ಬರಿನ ಕೃತಕಸಂಧಿಯನ್ನು ಜೋಡಿಸಿದನು. ಸಾಹಸವೇನೋ ದೊಡ್ಡದೇ, ಆದರೆ ಸೋಂಕು ಅಡಗದೆ, ಸುಮಾರು ಎರಡು ವರ್ಷಗಳಲ್ಲಿ ಅದನ್ನು ತೆಗೆದುಹಾಕಬೇಕಾಯಿತು.

ದೃಷ್ಟಿಯನ್ನು ಎಲುಬಿನಿಂದ ಸ್ನಾಯುರಜ್ಜುವಿನ ಕಡೆಗೆ ತಿರುಗಿಸಿದವರಲ್ಲಿ ಬಾಸ್ಟನ್ನಿನ ಅರ್ನೆಸ್ಟ್ ಕಾಡ್ಮನ್ನನು ಅಗ್ರಗಣ್ಯನು. ಹರಿದ ರಜ್ಜುವನ್ನು ಹೊಲಿದ ವೃತ್ತಾಂತವನ್ನು ಆತನು 1911ರಲ್ಲಿ ಪ್ರಕಟಿಸಿದನು. ಚಿಕಿತ್ಸೆಯಾದ ಪ್ರತಿಯೊಬ್ಬ ರೋಗಿಯನ್ನೂ ಅನಂತರವೂ ಪರೀಕ್ಷಿಸಿ, ಗುಣವಾಯಿತೇ ಇಲ್ಲವೇ ಎಂಬುದನ್ನು ಬಚ್ಚಿಡದೆ ಬರೆದಿಡಬೇಕೆಂದು ಹಟಹಿಡಿದು ಸಹವೃತ್ತಿಯವರ ಕೋಪಕ್ಕೂ ಗುರಿಯಾದನು. ಭುಜವನ್ನೇ ಕುರಿತ ಆತನ ಗ್ರಂಥವು ಹೊರಬಂದುದು 1934ರಲ್ಲಿ.

ನ್ಯೂಯಾರ್ಕಿನ ಚಾರ್ಲ್ಸ್ ನೀರ್ ತೋಳೆಲುಬಿನ ತಲೆಗೆ ಬದಲಾಗಿ ಲೋಹದ ತಲೆಯನ್ನಿಟ್ಟು, ಅದರ ಫಲಿತಾಂಶಗಳನ್ನು 1955ರಲ್ಲಿ ಪ್ರಕಟಿಸಿದನು. ಲಂಡನ್ನಿನಲ್ಲಿ 1980ರಲ್ಲಿ ಪ್ರಥಮ ಅಂತರರಾಷ್ಟ್ರೀಯ ಸಮ್ಮೇಳನವು ನೆರೆಯಿತು. 1982ರಲ್ಲಿ ಅಮೆರಿಕದಲ್ಲಿ ಭುಜ ಮತ್ತು ಮೊಣಕೈಗಳ ಶಸ್ತ್ರವೈದ್ಯರ ಸಂಘವು ಹುಟ್ಟಿತು. ಆದರೂ ರಜ್ಜುಗಳು ಸಂಪೂರ್ಣವಾಗಿ ನಾಶವಾದವರಿಗೆ ನೀರನ ಉಪಾಯವು ಸಾಲದಾಗಿದ್ದಿತು. ಫ್ರಾನ್ಸಿನ ಪಾಲ್ ಗ್ರಾಮೋಂ 1985ರಲ್ಲಿ ಸಂಧಿಯನ್ನೇ ತಲೆಕೆಳಗು ಮಾಡಿದನು: ಗೋಳವು ಹೆಗಲೆಲುಬಿಗೆ, ಕುಳಿಯು ತೋಳಿಗೆ. ಇದರಿಂದ ತಿರುಗುವ ಕೇಂದ್ರವು ಒಳಕ್ಕೂ ಕೆಳಕ್ಕೂ ಸರಿದು, ಹೆಗಲಿನ ಹೊರಮಾಂಸಖಂಡವೊಂದೇ ತೋಳನ್ನು ಮೇಲೆತ್ತಲು ಶಕ್ತವಾಯಿತು.