ಈಜುಕೊಳದ ಹಾಸಿನ ಮೇಲಣ ಕಲೆಗಳು

ಮಳೆಗಾಲ ಬಂತೆಂದರೆ ಚರ್ಮದ ಪಾದರಕ್ಷೆಗೂ, ಗೋಡೆಗೆ ಆನಿಸಿಟ್ಟ ಪುಸ್ತಕಕ್ಕೂ ಬೂಷ್ಟು ಹಿಡಿಯುವುದು ಸರ್ವವಿದಿತವಾದ ಸಂಗತಿ. ಚರ್ಮವು ಪ್ರಾಣಿಯಿಂದಲೂ ಕಾಗದವು ಸಸ್ಯದಿಂದಲೂ ಬಂದವುಗಳಾದುದರಿಂದ ಬೂಷ್ಟಿಗೆ ಅವು ಆಹಾರವಾಗುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ರೆಕ್ಸಿನ್ ಚೀಲಕ್ಕೂ ಪ್ಲಾಸ್ಟಿಕ್ ಮಳೆಯಂಗಿಗೂ ಅದು ಹಿಡಿಯುವುದೇಕೆ? ಕಾರ್ಖಾನೆಯಲ್ಲಿ ತಯಾರಾದ ಈ ವಸ್ತುವಿನಲ್ಲಿ ತಿನ್ನತಕ್ಕದ್ದು ಏನಿದೆ? ಇದಕ್ಕೆ ಉತ್ತರವು ದೂರದ ಅಮೆರಿಕದ ಈಜುಕೊಳಗಳಲ್ಲಿ ಬಹು ಸ್ಪಷ್ಟವಾಗಿ ದೊರೆಯುತ್ತದೆ.

ಆ ದೇಶದಲ್ಲಿ ಅನೇಕರು ಮನೆಯ ಹಿತ್ತಿಲಿನಲ್ಲಿಯೇ ಈಜುಕೊಳವನ್ನು ಕಟ್ಟಿಸಿಕೊಳ್ಳುವುದುಂಟು. ನೆಲವನ್ನು ಅಗೆದು, ಸುತ್ತಲೂ ಉಕ್ಕಿನ ಅಥವಾ ಕಾಂಕ್ರೀಟಿನ ಗೋಡೆಯನ್ನು ನಿಲ್ಲಿಸಿ, ತಳವನ್ನು ಮರಳಿನಿಂದಲೋ ಗಾರೆಯಿಂದಲೋ ಸಮಮಾಡಿ, ಒಳಗೆಲ್ಲಾ ವಿನೈಲ್ ಎಂಬ ಪ್ಲಾಸ್ಟಿಕ್ಕಿನ ಹಾಳೆಯನ್ನು ಹಾಸುವರು. ಈ ಹಾಸಿನ ದಪ್ಪವು ಸಾಮಾನ್ಯವಾಗಿ ಒಂದು ಮಿಲಿಮೀಟರಿಗೂ ಕಡಿಮೆ. ಕೆಲವು ವರ್ಷಗಳು ಕಳೆದ ಮೇಲೆ ಇದರಲ್ಲಿ ಗುಲಾಬಿ, ಬೂದು ಅಥವಾ ಕಪ್ಪು ಬಣ್ಣದ ಕಲೆಗಳು ಮೂಡುವುದುಂಟು. ಮನೆಯವರು ಅವನ್ನು ಉಜ್ಜುತ್ತಾರೆ, ಕ್ಲೋರಿನ್ ಸುರಿಯುತ್ತಾರೆ. ಕಲೆಯು ತುಸು ಮಾಸಿದಂತೆ ತೋರಿ, ಸ್ವಲ್ಪ ದಿನಗಳಲ್ಲಿಯೇ ಪುನಃ ಕಾಣಿಸಿಕೊಳ್ಳುತ್ತದೆ.

ಇದರ ಕಾರಣವನ್ನು ತಿಳಿಯಬೇಕಾದರೆ ವಿನೈಲಿನ ರಚನೆಯನ್ನು ಅರಿಯಬೇಕು. ಇದರ ಮೂಲವಸ್ತುವಾದ ಪಾಲಿವಿನೈಲ್ ಕ್ಲೋರೈಡು ಸ್ವಭಾವತಃ ಗಡುಸು. ಮನೆಗಳಿಗೆ ಹಾಕಿಸುವ ಗಟ್ಟಿಯಾದ ಪಿ.ವಿ.ಸಿ. ಕೊಳವೆಗಳೇ ಇದಕ್ಕೆ ಸಾಕ್ಷಿ. 1926ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ವಾಲ್ಡೊ ಸೆಮನ್ ಎಂಬವನು ಇದಕ್ಕೆ ತಕ್ಕ ದ್ರವವನ್ನು ಬೆರೆಸಿ ಕಾಯಿಸಿದರೆ ಅದು ರಬ್ಬರಿನಂತೆ ಬಾಗುವುದೆಂದು ಕಂಡುಹಿಡಿದನು. ಹಿಟ್ಟಿಗೆ ಎಣ್ಣೆ ಬೆರೆಸಿ ನಾದಿದರೆ ಮೃದುವಾಗುವುದಿಲ್ಲವೆ? ಹಾಗೆಯೇ ಎಣ್ಣೆಯಂತಹ ಮೃದುಕಾರಿ ದ್ರವವು ಈ ಹಾಳೆಯ ತುಂಬ ವ್ಯಾಪಿಸಿರುತ್ತದೆ. ಅದು ಪ್ಲಾಸ್ಟಿಕ್ಕಿನೊಡನೆ ರಾಸಾಯನಿಕವಾಗಿ ಬಂಧಿತವಾಗಿಲ್ಲದುದರಿಂದ ಮೆಲ್ಲಮೆಲ್ಲನೆ ಹೊರಕ್ಕೆ ಒಸರುತ್ತದೆ. ಬೂಷ್ಟು ಮೊದಲಾದ ಸೂಕ್ಷ್ಮಜೀವಿಗಳಿಗೆ ಆಹಾರವಾಗುವುದು ಈ ದ್ರವವೇ ಹೊರತು ಗಡುಸಾದ ಪ್ಲಾಸ್ಟಿಕ್ಕಲ್ಲ.

ಗುಲಾಬಿ ಕಲೆಯ ವೃತ್ತಾಂತವು ಇನ್ನೂ ಕುತೂಹಲಕರವಾದುದು. ಹಾಸಿನ ಹಿಂಬದಿಯಲ್ಲಿ, ತೇವವುಳ್ಳ ಮಣ್ಣಿಗೆ ತಾಗಿರುವೆಡೆಯಲ್ಲಿ, ಎಳೆಯೆಳೆಯಾಗಿ ಹಬ್ಬುವ ಕೆಲವು ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಈ ಎಳೆಗಳ ರೂಪದಿಂದಲೇ ಹಿಂದೆ ಇವನ್ನು ಶಿಲೀಂಧ್ರಗಳೆಂದು ಎಣಿಸಿದ್ದುಂಟು. ಇವು ಉತ್ಪಾದಿಸುವ ಕೆಂಪು ವರ್ಣದ್ರವ್ಯವು ಮೃದುಕಾರಿಯಲ್ಲಿ ಕರಗಿ, ಹಾಳೆಯೊಳಗೇ ಸಂಚರಿಸಿ, ನೀರಿನ ಬದಿಗೆ ಬಂದು ಕಾಣಿಸಿಕೊಳ್ಳುತ್ತದೆ. ನೀರಿಗೆ ಹಾಕಿದ ಕ್ಲೋರಿನ್ನು ಹಾಳೆಯನ್ನು ದಾಟಿ ಹಿಂಬದಿಯ ಜೀವಿಗಳನ್ನು ಮುಟ್ಟಲಾರದು. ಕಲೆ ಕಾಣುವುದು ಒಂದು ಕಡೆ, ಅದರ ಬೇರು ಇರುವುದು ಮತ್ತೊಂದು ಕಡೆ. ಎಷ್ಟು ಉಜ್ಜಿದರೂ ಹೋಗದಿರುವುದಕ್ಕೆ ಇದೇ ಕಾರಣ. ಹಾಗೆಂದು ಈ ಜೀವಿಗಳ ಕುಲವನ್ನೇ ದ್ವೇಷಿಸಬೇಕಾಗಿಲ್ಲ. ಮೊದಲ ಮಳೆಗೆ ಮಣ್ಣಿನಿಂದೇಳುವ ಸುವಾಸನೆಗೆ ಕಾರಣವಾದುವೂ, 1943ರಲ್ಲಿ ಸೆಲ್ಮನ್ ವಾಕ್ಸ್‌ಮನ್ನನ ಪ್ರಯೋಗಾಲಯದಲ್ಲಿ ಕ್ಷಯರೋಗದ ಔಷಧವಾದ ಸ್ಟ್ರೆಪ್ಟೊಮೈಸಿನ್ನನ್ನು ನೀಡಿದುವೂ ಇದೇ ವರ್ಗದ ಜೀವಿಗಳು.

ಆದರೆ ಎಲ್ಲ ಕಲೆಗಳೂ ಸೂಕ್ಷ್ಮಜೀವಿಗಳಿಂದ ಆದವುಗಳಲ್ಲ. ಬಿದ್ದು ಕೊಳೆತ ಎಲೆಗಳ ಕಂದು ಕಲೆಯು ಕ್ಲೋರಿನ್ನಿನಿಂದ ಮಾಸುತ್ತದೆ. ಕಬ್ಬಿಣದ ತುಕ್ಕಿನ ಕಲೆಯ ಮೇಲೆ ‘ಸಿ’ ಜೀವಸತ್ವದ ಗುಳಿಗೆಯನ್ನು ತಿಕ್ಕಿದರೆ ಅದು ತಿಳಿಯಾಗುತ್ತದೆ. ಈ ಎರಡಕ್ಕೂ ಬಗ್ಗದೆ ಉಳಿದರೆ ಕಲೆಯು ಹಿಂಬದಿಯಿಂದ ಬಂದುದೆಂದು ಶಂಕಿಸಬೇಕು. ಆಗ ಕೊಳದ ಸುತ್ತಣ ನೀರು ಬಸಿದುಹೋಗುವಂತೆ ಕಾಲುವೆ ಮಾಡಿಸುವುದೂ, ಹಾಸನ್ನು ಬದಲಾಯಿಸುವಾಗ ಹಿಂಬದಿಯ ನೆಲಗೋಡೆಗಳನ್ನು ಶುದ್ಧಿಮಾಡಿ ಒಣಗಿಸುವುದೂ ಅವಶ್ಯಕ. ಇಲ್ಲವಾದರೆ ಹೊಸ ಹಾಸಿಗೂ ಹಳೆಯ ಗತಿಯೇ ಒದಗಬಹುದು.

ಇಲ್ಲಿ ಒಂದು ಎಚ್ಚರಿಕೆಯನ್ನು ಮಕ್ಕಳೂ ತಾಯಿತಂದೆಗಳೂ ಮನಸ್ಸಿನಲ್ಲಿಡಬೇಕು. ಕಲೆ ಹೋಗಲಿಲ್ಲವೆಂಬ ಬೇಸರದಿಂದ ಬ್ಲೀಚಿಂಗ್ ಪುಡಿಯೊಡನೆ ಆಸಿಡ್ಡನ್ನು ಬೆರೆಸುವವರುಂಟು. ಹೀಗೆ ಬೆರೆಸಿದೊಡನೆ ವಿಷಕರವಾದ ಕ್ಲೋರಿನ್ ಅನಿಲವು ಹೊರಡುತ್ತದೆ; ಅದು ಶ್ವಾಸಕೋಶವನ್ನು ಸುಡುವುದಲ್ಲದೆ ಪ್ರಾಣಕ್ಕೂ ಸಂಚಕಾರ ತರಬಲ್ಲುದು. ಇದು ಈಜುಕೊಳಕ್ಕೆ ಮಾತ್ರ ಸಂಬಂಧಿಸಿದ ಮಾತಲ್ಲ. ನಮ್ಮ ಬಚ್ಚಲನ್ನು ತೊಳೆಯುವಾಗಲೂ ಇವೆರಡನ್ನು ಎಂದಿಗೂ ಒಂದುಗೂಡಿಸಕೂಡದು.

ನಮ್ಮಲ್ಲಿ ಮನೆಮನೆಗೂ ಈಜುಕೊಳವಿಲ್ಲದಿದ್ದರೂ ತೇವಕ್ಕೆ ಕೊರತೆಯಿಲ್ಲ. ವಿದ್ಯಾರ್ಥಿಗಳು ನೆನೆದ ಮಳೆಯಂಗಿಯನ್ನು ಮಡಿಸಿಡದೆ ಗಾಳಿಗೆ ಹರವಬೇಕು. ಚೀಲವನ್ನು ಬರಿದುಮಾಡಿ ಒಳಮೈಯನ್ನೂ ಒರೆಸಿ ಒಣಗಿಸಬೇಕು. ಗೋಡೆಯ ಮೇಲೆ ಬೂಷ್ಟು ಕಂಡಾಗ ಹಿರಿಯರು ಸುಣ್ಣ ಬಳಿಯುವುದಕ್ಕೆ ಮೊದಲು ಹೊರಗೆ ಹೋಗಿ, ಹೆಂಚು ಒಡೆದಿದೆಯೇ, ಗೋಡೆಯ ಬುಡದಲ್ಲಿ ನೀರು ನಿಂತಿದೆಯೇ ಎಂದು ಪರೀಕ್ಷಿಸುವುದು ಲೇಸು. ತೇವದ ದಾರಿಯನ್ನು ಮುಚ್ಚಿದ ಮೇಲೆ ಬಳಿದ ಸುಣ್ಣವು ಬಹುಕಾಲ ನಿಲ್ಲುತ್ತದೆ.