ಗುಮ್ಮಟದ ಬುಡದಲ್ಲಿದ್ದ ಸಾಕ್ಷಿ

ಲಾಸ್ ಏಂಜಲೀಸಿನಿಂದ ಸ್ಯಾನ್ ಡಿಯೇಗೊ ಕಡೆಗೆ ಐದನೇ ಹೆದ್ದಾರಿ ಹಿಡಿದು ಹೊರಟರೆ, ಸ್ಯಾನ್ ಕ್ಲಮೆಂಟೆ ಊರು ದಾಟಿದ ಸ್ವಲ್ಪ ಹೊತ್ತಿಗೆ ಬಲಗಡೆ ಕಡಲಿಗೆ ಬೆನ್ನು ಕೊಟ್ಟು ನಿಂತ ಎರಡು ಗುಮ್ಮಟಗಳು ಕಾಣುತ್ತವೆ. ಅದೇ ಸ್ಯಾನ್ ಒನೊಫ್ರೆ ಅಣುವಿದ್ಯುತ್ ಸ್ಥಾವರ. ಮುಚ್ಚಿಹೋಗಿ ವರ್ಷಗಳಾದವು. ಆ ದಾರಿಯಲ್ಲಿ ಹೋಗುವ ನಮ್ಮವರು ಕಾರಿನಿಂದಲೇ ನೋಡಿ ಮುಂದೆ ಸಾಗುತ್ತಾರೆ. 2023ರ ಅಕ್ಟೋಬರಿನಲ್ಲಿ ನಾನು ಇಳಿದೆ. ಅದರ ಎರಡನೇ ಘಟಕದ ಬುಡದಲ್ಲಿ ಒಂದು ಕಾಲಕ್ಕೆ ಕೂತಿದ್ದ ಉಪಕರಣದ ಬಗ್ಗೆ ಓದಿದಾಗಿನಿಂದ ಈ ಜಾಗದ ಮೇಲೆ ನನಗೊಂದು ಕಣ್ಣಿತ್ತು.

ಸ್ಥಾವರದ ದಕ್ಷಿಣಕ್ಕೆ ಹಳೆಯ 101ನೇ ಹೆದ್ದಾರಿಯ ಒಂದು ತುಂಡು ಉಳಿದುಕೊಂಡಿದೆ. ಈಗ ಅದು ರಾಜ್ಯ ಉದ್ಯಾನದ ಭಾಗ. ಅಲ್ಲಿಂದ ಕಡಲಿಗೆ ಆರು ಕಾಲುದಾರಿಗಳು ಇಳಿಯುತ್ತವೆ. ಸ್ಥಾವರಕ್ಕೆ ಹತ್ತಿರದ್ದು ಒಂದನೆಯದು. ದಾರಿ ಹಳದಿ ಮರಳುಗಲ್ಲಿನ ದಿಣ್ಣೆಯ ನಡುವೆ ಹಾದುಹೋಗುತ್ತದೆ. ಕೈಯಿಟ್ಟರೆ ಪುಡಿ ಉದುರುವಷ್ಟು ಸಡಿಲ ಕಲ್ಲು. ಕೆಳಗಿಳಿದು ಬಲಕ್ಕೆ ತಿರುಗಿದರೆ ಎದುರಿಗೇ ಗುಮ್ಮಟಗಳು. ಅಲೆಯ ಮೇಲೆ ಹಲಗೆ ಹಿಡಿದ ಹುಡುಗರು ಅವುಗಳ ಕಡೆ ತಿರುಗಿಯೂ ನೋಡುವುದಿಲ್ಲ.

ಬೇಲಿಯಾಚೆ ಹೋಗಲು ನಮಗೆ ಅವಕಾಶವಿಲ್ಲ. ಆದರೆ ಆ ಉಪಕರಣ ಎಲ್ಲಿತ್ತೆಂಬುದನ್ನು ವಿಜ್ಞಾನಿಗಳ ವರದಿಗಳು ಅಂಗುಲ ಬಿಡದೆ ಹೇಳುತ್ತವೆ. ಗುಮ್ಮಟದ ಕಾಂಕ್ರೀಟ್ ಗೋಡೆಯೊಳಗೆ ಉಕ್ಕಿನ ಹುರಿಗಳನ್ನು ಹಾಯಿಸಿ, ಮೃದಂಗಕ್ಕೆ ಬಾರು ಬಿಗಿದ ಹಾಗೆ ಎಳೆದು ಕಟ್ಟಿರುತ್ತಾರೆ. ಆ ಬಿಗಿತವನ್ನು ಆಗಾಗ ಪರೀಕ್ಷಿಸಲು ಗೋಡೆಯ ಬುಡದಲ್ಲಿ, ನೆಲಮಟ್ಟಕ್ಕಿಂತ ಸುಮಾರು 10 ಮೀಟರ್ ಕೆಳಗೆ, ಬಳೆಯಾಕಾರದ ಓಣಿಯೊಂದಿದೆ. ಟೆಂಡನ್ ಗ್ಯಾಲರಿ ಎಂದು ಅದರ ಹೆಸರು. ಅಲ್ಲಿ ಜನರ ಓಡಾಟ ಕಡಿಮೆ. ಲಾರೆನ್ಸ್ ಲಿವರ್‌ಮೋರ್ ಮತ್ತು ಸ್ಯಾಂಡಿಯಾ ಪ್ರಯೋಗಾಲಯಗಳ ತಂಡ 2003ರಲ್ಲಿ ತಮ್ಮ ಸಂವೇದಕವನ್ನು ಆ ಓಣಿಯಲ್ಲೇ ಕೂರಿಸಿತು. ರಿಯಾಕ್ಟರಿನ ಒಡಲಿಗೂ ಅದಕ್ಕೂ 24.5 ಮೀಟರ್ ಅಂತರ.

ಅದೆಷ್ಟು ದೂರವೆಂದು ಮರಳಿನಲ್ಲೇ ಅಳೆದು ನೋಡಿದೆ. ಕ್ರಿಕೆಟ್ ಪಿಚ್ಚಿನ ಉದ್ದ ಹೆಜ್ಜೆ ಹಾಕಿ, ಮೇಲೆ ಇನ್ನೊಂದು ಐದಾರು ಹೆಜ್ಜೆ. ಒಂದು ತುದಿಯಲ್ಲಿ 340 ಕೋಟಿ ವಾಟ್ ಶಾಖ ಉಗುಳುವ ಒಲೆ. ಇನ್ನೊಂದು ತುದಿಯಲ್ಲಿ, ನಾಲ್ಕು ಉಕ್ಕಿನ ಪಾತ್ರೆಗಳಲ್ಲಿ ತುಂಬಿಟ್ಟ 640 ಕಿಲೊ ಎಣ್ಣೆಯಂಥ ದ್ರವ. ಅಷ್ಟೇ.

ಆ ದ್ರವ ಹಿಡಿಯುತ್ತಿದ್ದದ್ದು ಆಂಟಿನ್ಯೂಟ್ರಿನೊ ಎಂಬ ಕಣಗಳನ್ನು. ಯುರೇನಿಯಂ ಪರಮಾಣು ಒಡೆದಾಗ ಹುಟ್ಟುವ ಚೂರುಗಳು ಸ್ಥಿರತೆ ಹುಡುಕುತ್ತಾ ಸರಾಸರಿ ಆರು ಆಂಟಿನ್ಯೂಟ್ರಿನೊಗಳನ್ನು ಹೊರಬಿಡುತ್ತವೆ. ಅವಕ್ಕೆ ಕಾಂಕ್ರೀಟೂ ಇಲ್ಲ, ಸೀಸವೂ ಇಲ್ಲ; ಭೂಮಿಯನ್ನೇ ಅಡ್ಡ ಇಟ್ಟರೂ ನಿಲ್ಲುವುದಿಲ್ಲ. ಆ ಓಣಿಯಲ್ಲಿ ನಿಂತವರ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಸೆಕೆಂಡಿಗೆ ಸುಮಾರು 9 ಲಕ್ಷ ಕೋಟಿ ಕಣಗಳು ಹಾದುಹೋಗುತ್ತಿದ್ದವು, ಒಂದೂ ತಾಗದೆ. ಸಂವೇದಕ ಅವುಗಳಲ್ಲಿ ದಿನಕ್ಕೆ ಗುರುತಿಸಿದ್ದು ಸುಮಾರು 400.

ಗುರುತಿಸುವ ಬಗೆಯನ್ನು ನೋಡಿ. ಅಪರೂಪಕ್ಕೆ ಒಂದು ಆಂಟಿನ್ಯೂಟ್ರಿನೊ ದ್ರವದಲ್ಲಿನ ಪ್ರೋಟಾನಿಗೆ ಬಡಿಯುತ್ತದೆ. ಪ್ರೋಟಾನು ನ್ಯೂಟ್ರಾನಾಗುತ್ತದೆ, ಜೊತೆಗೊಂದು ಪಾಸಿಟ್ರಾನು ಹುಟ್ಟುತ್ತದೆ. ಪಾಸಿಟ್ರಾನು ಆ ಕ್ಷಣವೇ ಮಿನುಗಿ ಸಾಯುತ್ತದೆ. ನ್ಯೂಟ್ರಾನು ಅಲೆದಾಡಿ, ದ್ರವದಲ್ಲಿ ಬೆರೆಸಿಟ್ಟ ಗ್ಯಾಡೊಲಿನಿಯಂ ಎಂಬ ಲೋಹದ ಪರಮಾಣುವಿಗೆ ಸಿಕ್ಕಿಬೀಳುತ್ತದೆ. ಆಗ ಎರಡನೇ ಮಿನುಗು. ಎರಡರ ನಡುವೆ ಸೆಕೆಂಡಿನ ಲಕ್ಷ ಭಾಗಗಳಲ್ಲಿ ಕೆಲವೇ ಭಾಗದಷ್ಟು ಬಿಡುವು. ಮಿಂಚಿನ ಬೆನ್ನಿಗೆ ಗುಡುಗು ಬಂದ ಹಾಗೆ ಈ ಜೋಡಿ ಬಂದರೆ ಮಾತ್ರ ಲೆಕ್ಕಕ್ಕೆ. ಆಕಾಶದಿಂದ ಸುರಿಯುವ ಕಣಗಳ ಗದ್ದಲದಲ್ಲಿ ನಿಜವನ್ನು ಹೆಕ್ಕುವುದು ಈ ಜೋಡಿಯಿಂದಲೇ. ಫ್ರೆಡ್ರಿಕ್ ರೈನ್ಸ್ ಮತ್ತು ಕ್ಲೈಡ್ ಕೊವನ್ 1956ರಲ್ಲಿ ಸವಾನಾ ರಿವರ್ ರಿಯಾಕ್ಟರಿನ ಪಕ್ಕದಲ್ಲಿ ಈ ಕಣವನ್ನು ಮೊದಲು ಹಿಡಿದದ್ದೂ ಇಂಥದೇ ಜೋಡಿ ಮಿನುಗಿನಿಂದ.

ಇಲ್ಲಿ ನನಗೆ ಕೋಲಾರ ನೆನಪಾಯಿತು. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ 1965ರಲ್ಲಿ, ವಾತಾವರಣದಲ್ಲಿ ಹುಟ್ಟಿದ, ಇದೇ ಕುಲದ ನ್ಯೂಟ್ರಿನೊ ಕಣ ಸಿಕ್ಕಿದ್ದು ನೆಲದಡಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ. ಅಲ್ಲಿ ಹುಡುಕುವ ಕಣಗಳು ವಿರಳ, ಅದಕ್ಕೇ ಆಕಾಶದ ಗದ್ದಲ ತಡೆಯಲು ಅಷ್ಟು ಆಳ ಬೇಕಾಯಿತು. ಇಲ್ಲಿ ಮೂಲ ಪಕ್ಕದಲ್ಲೇ ಇತ್ತು, 10 ಮೀಟರ್ ಸಾಕಾಯಿತು. ಉಳಿದ ಗದ್ದಲಕ್ಕೆ ಸುತ್ತ ಅರ್ಧ ಮೀಟರ್ ದಪ್ಪದ ನೀರು ಮತ್ತು ಪಾಲಿಥಿಲೀನ್ ಗೋಡೆ.

ಸ್ಯಾನ್ ಒನೊಫ್ರೆ ತಂಡ ಪ್ರಕಟಿಸಿದ ಎಣಿಕೆಯ ನಕ್ಷೆಯ ಒಂದು ಪ್ರತಿಯನ್ನು ಚೀಲದಲ್ಲಿ ಒಯ್ದಿದ್ದೆ. ಬಂಡೆಯ ಮೇಲೆ ಕೂತು ಬಿಚ್ಚಿದೆ. ತಿಂಗಳುಗಟ್ಟಲೆ ಚುಕ್ಕೆಗಳು ಸಾಲಾಗಿ ಎಡದಿಂದ ಬಲಕ್ಕೆ, ಕಣ್ಣಿಗೆ ಕಾಣುವಷ್ಟು ಮಾತ್ರ ಇಳಿಜಾರಾಗಿ ಸಾಗುತ್ತವೆ. ಆಮೇಲೆ ಒಮ್ಮೆಗೇ ಪಾತಾಳಕ್ಕೆ ಬೀಳುತ್ತವೆ: ಇಂಧನ ಬದಲಿಸಲು ರಿಯಾಕ್ಟರ್ ನಿಲ್ಲಿಸಿದ ದಿನ ಅದು. ಮತ್ತೆ ಎದ್ದಾಗ ಮೊದಲಿಗಿಂತ ಮೇಲಿನ ಮಟ್ಟದಲ್ಲಿ ನಿಲ್ಲುತ್ತವೆ. ರಿಯಾಕ್ಟರ್ ನಿಂತರೆ ಐದು ಗಂಟೆಯೊಳಗೆ ಶೇ 99ರಷ್ಟು ಖಚಿತವಾಗಿ ಹೇಳಬಲ್ಲೆವು ಎಂದು ತಂಡ ತೋರಿಸಿತು. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಆ ಸಣ್ಣ ಇಳಿಜಾರು. ಯುರೇನಿಯಂ ಉರಿಯುತ್ತಾ ಹೋದಂತೆ ಒಡಲಲ್ಲಿ ಪ್ಲುಟೋನಿಯಂ ಕೂಡುತ್ತದೆ, ಅದೂ ಉರಿಯುತ್ತದೆ. ಆದರೆ ಅದು ಕೊಡುವ, ಹಿಡಿಯಲಾಗುವ ಆಂಟಿನ್ಯೂಟ್ರಿನೊಗಳು ಕಡಿಮೆ. ಸುಮಾರು 600 ದಿನಗಳ ಒಂದು ಸುತ್ತಿನಲ್ಲಿ 250 ಕಿಲೊದಷ್ಟು ಪ್ಲುಟೋನಿಯಂ ಬೆಳೆದಾಗ ಎಣಿಕೆ ಶೇ 10ಕ್ಕಿಂತ ತುಸು ಹೆಚ್ಚು ಕುಗ್ಗುತ್ತದೆ. ನಾಲ್ಕಡಿ ಗೋಡೆಯ ಒಳಗೆ ಏನು ಬೇಯುತ್ತಿದೆ ಎಂಬುದನ್ನು ಮುಚ್ಚಳ ತೆಗೆಯದೆ ಹೊರಗಿನಿಂದ ಓದಿದ ಸಾಲು ಅದು.

ಇದರ ಬೆಲೆ ತಿಳಿಯಬೇಕಾದರೆ ಒಂದು ಅಂಕಿ ಸಾಕು. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಕಾವಲು ಕಾಯುವಾಗ ಬಾಂಬಿಗೆ ಸಾಲಬಹುದೆಂದು ಲೆಕ್ಕ ಹಾಕುವ ಪ್ಲುಟೋನಿಯಂ 8 ಕಿಲೊ. ಅದರ ತಪಾಸಣೆಗಾರರು ನೆಚ್ಚಿರುವುದು ಕ್ಯಾಮೆರಾ, ಮುದ್ರೆ, ದಾಖಲೆ ಪುಸ್ತಕ, ಇಂಧನ ಕಂತೆಗಳ ಎಣಿಕೆ ಇವುಗಳನ್ನು. ದಾಖಲೆ ತಿದ್ದಬಹುದು, ಕ್ಯಾಮೆರಾಕ್ಕೆ ಮರೆ ಕಟ್ಟಬಹುದು. ಆಂಟಿನ್ಯೂಟ್ರಿನೊವನ್ನು ತಡೆಯಲು ಯಾರಿಂದಲೂ ಆಗದು. ಸುಳ್ಳು ಆಂಟಿನ್ಯೂಟ್ರಿನೊ ಹುಟ್ಟಿಸಬೇಕಾದರೆ ಇನ್ನೊಂದು ರಿಯಾಕ್ಟರನ್ನೇ ಕಟ್ಟಬೇಕು. ಈ ವಿಚಾರ ಅಮೆರಿಕದ್ದೇ ಅಲ್ಲ. ಕುರ್ಚಾತೋವ್ ಸಂಸ್ಥೆಯ ವಿಜ್ಞಾನಿಗಳು 1980ರ ದಶಕದಲ್ಲೇ ಉಕ್ರೇನಿನ ರೋವ್ನೊ ಸ್ಥಾವರದಲ್ಲಿ ಇದನ್ನು ಮಾಡಿ ತೋರಿಸಿದ್ದರು. ಸ್ಯಾನ್ ಒನೊಫ್ರೆ ಸೇರಿಸಿದ್ದು ಸರಳತೆಯನ್ನು: ಯಾರೂ ಪಕ್ಕದಲ್ಲಿ ನಿಲ್ಲದೆ, ತಿಂಗಳುಗಟ್ಟಲೆ ತಾನೇ ನಡೆದು, ಲೆಕ್ಕವನ್ನು ದೂರದ ಲಿವರ್‌ಮೋರಿಗೆ ತಾನೇ ಕಳಿಸುವ ಪೆಟ್ಟಿಗೆ.

ಮಿತಿಗಳಿವೆ, ಮುಚ್ಚಿಡಬಾರದು. ಎಣಿಕೆ ಇಳಿದರೆ ಪ್ಲುಟೋನಿಯಂ ಬೆಳೆದಿರಬಹುದು, ಇಲ್ಲವೇ ರಿಯಾಕ್ಟರಿನ ಶಕ್ತಿಯನ್ನೇ ತಗ್ಗಿಸಿರಬಹುದು. ಬರೀ ಎಣಿಕೆಯಿಂದ ಯಾವುದೆಂದು ತಿಳಿಯದು. ಬೇಲಿಯಾಚೆ ಕಡಲಿಗೆ ಕೂಗಳತೆಯಲ್ಲಿ 123 ಡಬ್ಬಿಗಳಲ್ಲಿ ಸುಟ್ಟ ಇಂಧನ ಕೂತಿದೆ. ಈ ಉಪಕರಣ ಅದನ್ನು ಕಾಯಲಾರದು. ಕಂತೆಗಳನ್ನು ಎಣಿಸಿ ಮುದ್ರೆ ಒತ್ತಬಹುದಾದ ಈಗಿನ ರಿಯಾಕ್ಟರುಗಳಿಗೆ ಇದು ತೀರ ಅಗತ್ಯವೂ ಅಲ್ಲ. ಆದರೆ ಇಂಧನವೇ ಕರಗಿ ದ್ರವವಾಗಿ ಹರಿಯುವ, ಎಣಿಸಲು ಕಂತೆಯೇ ಇಲ್ಲದ ರಿಯಾಕ್ಟರುಗಳು ಬರಲಿವೆ. ಆಗ ತಪಾಸಣೆಗಾರನ ಕೈಗೆ ಏನು ಕೊಡುತ್ತೇವೆ? ಈ ಪೆಟ್ಟಿಗೆಯನ್ನು ಈಗಲೇ ಪಳಗಿಸಿಡಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮಲ್ಲೂ ಕೆಲಸ ನಡೆದಿದೆ. ಟ್ರಾಂಬೆಯಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು 100 ಮೆಗಾವಾಟಿನ ಧ್ರುವ ರಿಯಾಕ್ಟರಿಗೆಂದು ರೂಪಿಸಿದ ಇಸ್ಮ್ರಾನ್ ಸಂವೇದಕದಲ್ಲಿ ದ್ರವವೇ ಇಲ್ಲ. ಒಂದೊಂದು ಮೀಟರ್ ಉದ್ದದ 90 ಪ್ಲಾಸ್ಟಿಕ್ ದಂಡಗಳು, ಗ್ಯಾಡೊಲಿನಿಯಂ ಲೇಪಿಸಿದ ಹಾಳೆ ಸುತ್ತಿಕೊಂಡು ಒಟ್ಟಿಗೆ ಕೂತಿರುತ್ತವೆ. ಸೋರುವ, ಹೊತ್ತಿಕೊಳ್ಳುವ ಭಯ ಕಡಿಮೆ. ಸ್ಯಾನ್ ಒನೊಫ್ರೆ ತಂಡವೂ 2007ರಲ್ಲಿ ದ್ರವದಿಂದ ಪ್ಲಾಸ್ಟಿಕ್ಕಿನ ಕಡೆಗೇ ಹೊರಳಿತ್ತು.

ಸಂಜೆ ದಿಣ್ಣೆ ಹತ್ತಿ ತಿರುಗಿ ನೋಡಿದೆ. 2012ರ ಜನವರಿಯಲ್ಲಿ ಉಗಿ ಉತ್ಪಾದಕದ ಕೊಳವೆಯೊಂದು ಸೋರಿದ ಮೇಲೆ ಇಲ್ಲಿ ಮತ್ತೆ ಒಲೆ ಹೊತ್ತಲಿಲ್ಲ. 2013ರ ಜೂನಿನಲ್ಲಿ ಶಾಶ್ವತವಾಗಿ ಮುಚ್ಚಿದರು. 2020ರಿಂದ ಕೆಡವುವ ಕೆಲಸ ನಡೆದಿದೆ, ಗುಮ್ಮಟಗಳೂ ಉಳಿಯುವುದಿಲ್ಲ. ಆ ಕಡೆ ಹೋಗುವ ಕನ್ನಡಿಗರು ಒಂದು ಗಂಟೆ ಬಿಡುವು ಮಾಡಿಕೊಂಡು ಒಂದನೇ ಕಾಲುದಾರಿ ಇಳಿಯಿರಿ. ಮಕ್ಕಳಿದ್ದರೆ ಮರಳಿನಲ್ಲಿ 24.5 ಮೀಟರ್ ಅಳೆದು ತೋರಿಸಿ.