ನೀರೂ ಒಂದು ಕಚ್ಚಾವಸ್ತು: ಬಿಯರ್ ತಯಾರಿಕೆಯಲ್ಲಿ ಖನಿಜ ಲವಣಗಳ ಪಾತ್ರ

ಬಿಯರ್‌ನಲ್ಲಿ ಶೇಕಡಾ 90ರಷ್ಟು ನೀರೇ ಇರುವುದರಿಂದ ಮಾಲ್ಟ್, ಹಾಪ್ಸ್‌ಗಳಷ್ಟೇ ನೀರಿನ ಗುಣವೂ ಮುಖ್ಯ. ಇಂಗ್ಲೆಂಡಿನ ಬರ್ಟನ್ ಪಟ್ಟಣದ ಸಲ್ಫೇಟ್‌ಯುಕ್ತ ಗಡಸು ನೀರು ಕಹಿಪ್ರಧಾನ ಏಲ್‌ಗೆ ಹೆಸರಾಯಿತು. ಪಿಲ್ಸೆನ್ ನಗರದ ಮೆದು ನೀರಿನಿಂದ 1842ರಲ್ಲಿ ಹೊಂಬಣ್ಣದ ಲಾಗರ್ ರೂಪುಗೊಂಡಿತು.

ದಾವಣಗೆರೆ ಜಿಲ್ಲೆಯಲ್ಲಿಯೂ ನೀರು ಏಕರೂಪವಾಗಿಲ್ಲ. ಹೊನ್ನಾಳಿ ತುಂಗಭದ್ರೆಯ ದಡದಲ್ಲಿದೆ. ಚನ್ನಗಿರಿ ತಾಲ್ಲೂಕಿನಲ್ಲಿ ಸೂಳೆಕೆರೆಯಿದೆ. ಬರಪೀಡಿತ ಜಗಳೂರಿನ ಕೊಳವೆಬಾವಿಗಳಲ್ಲಿ ಗಡಸುತನ ಹಾಗೂ ಫ್ಲೋರೈಡ್‌ಗಳ ಬಾಧೆಯಿದೆ. ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಯಲ್ಲಿಯೂ ಆಯಾ ಮೂಲದ ನೀರನ್ನು ಪರೀಕ್ಷಿಸಿಯೇ ನಿರ್ಧರಿಸಬೇಕು.

ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸುವಾಗ ಪಿಎಚ್ ಮೌಲ್ಯ 5.2ರಿಂದ 5.6ರೊಳಗಿರಬೇಕು. ಬೈಕಾರ್ಬೊನೇಟ್ ಇದನ್ನು ಏರಿಸುತ್ತದೆ, ಕ್ಯಾಲ್ಸಿಯಂ ತಗ್ಗಿಸುತ್ತದೆ. 10 ಲೀಟರ್ ನೀರಿಗೆ 1 ಗ್ರಾಂ ಜಿಪ್ಸಂ ಬೆರೆಸಿದರೆ ಲೀಟರಿಗೆ ಸುಮಾರು 23 ಮಿಲಿಗ್ರಾಂ ಕ್ಯಾಲ್ಸಿಯಂ, 56 ಮಿಲಿಗ್ರಾಂ ಸಲ್ಫೇಟ್ ಸೇರುತ್ತವೆ. ಅಷ್ಟೇ ತೂಕದ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ 27 ಮಿಲಿಗ್ರಾಂ ಕ್ಯಾಲ್ಸಿಯಂ, 48 ಮಿಲಿಗ್ರಾಂ ಕ್ಲೋರೈಡ್ ನೀಡುತ್ತದೆ. ಸಲ್ಫೇಟ್ ಕಹಿಯನ್ನು ಚುರುಕಾಗಿಸಿದರೆ, ಕ್ಲೋರೈಡ್ ಮಾಲ್ಟಿನ ಸವಿಯನ್ನು ತುಂಬುತ್ತದೆ.

ಲವಣಗಳಿಂದ ಸೇರಿಸುವುದು ಸಾಧ್ಯವೇ ಹೊರತು ತೆಗೆಯುವುದಲ್ಲ. ಕುದಿಸಿದರೆ ತಾತ್ಕಾಲಿಕ ಗಡಸುತನ ಮಾತ್ರ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದ ಫ್ಲೋರೈಡನ್ನು ನಿವಾರಿಸಲು ಆರ್‌ಓ ಘಟಕದಂತಹ ಶುದ್ಧೀಕರಣ ಅವಶ್ಯ. ಅನಂತರವೇ ಬೇಕಾದ ಲವಣವನ್ನು ತೂಗಿ ಬೆರೆಸಬಹುದು.

ಪರವಾನಗಿಯಿಲ್ಲದೆ ಮನೆಯಲ್ಲಿ ಬಿಯರ್ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯನ್ವಯ ಅಪರಾಧವೆಂಬುದನ್ನು ಮರೆಯಲಾಗದು. ಆದರೆ ಇದೇ ಲೆಕ್ಕಾಚಾರ ತಂಪು ಪಾನೀಯ, ಹಣ್ಣಿನ ರಸ ಹಾಗೂ ಬಾಟಲಿ ನೀರಿನ ಸಣ್ಣ ಘಟಕಗಳಿಗೂ ಉಪಯುಕ್ತ. ಯಂತ್ರೋಪಕರಣಕ್ಕೆ ಬಂಡವಾಳ ಹೂಡುವ ಮುನ್ನ ಪ್ರಯೋಗಾಲಯದ ನೀರಿನ ವರದಿಯನ್ನು ಪಡೆಯುವುದೇ ಉದ್ದಿಮೆದಾರರಿಗೆ ಲಾಭದಾಯಕ.